ಹುಣಸೆ ಬೀಜದ ಆಟ: ಅನುಭವ ಆದಷ್ಟೂ ಜನ ಕೊಡುವುದನ್ನು ಬಿಡುತ್ತಾರಾ?

ಅರಸೀಕೆರೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಹೋದ ವಾರ ಎರಡನೇ ವರ್ಷದ ಮಕ್ಕಳಿಗೆ ಪಾಠದ ಬದಲು ಒಂದು ಆಟ ಆಡಿಸಿದೆ. ಅವತ್ತಿನಿಂದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿದೆ.

ಆಟ ಇಷ್ಟೇ. 28 ಮಕ್ಕಳು, ನಾಲ್ಕು ನಾಲ್ಕು ಜನರ ಏಳು ಗುಂಪು. ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ 20 ಹುಣಸೆ ಬೀಜ. ಎಷ್ಟು ಬೇಕಾದರೂ ತಾವೇ ಇಟ್ಟುಕೊಳ್ಳಬಹುದು, ಎಷ್ಟು ಬೇಕಾದರೂ ಕವರಿಗೆ ಹಾಕಿ ಗುಂಪಿನ ಲೆಕ್ಕಕ್ಕೆ ಕೊಡಬಹುದು. ಯಾರು ಎಷ್ಟು ಕೊಟ್ಟರು ಅಂತ ನನಗೆ ಮಾತ್ರ ಗೊತ್ತು. ಗುಂಪಿನ ಒಟ್ಟು ಮೊತ್ತ ಬೋರ್ಡಿನ ಮೇಲೆ ಬರೆಯುತ್ತೇನೆ. ಬಂದದ್ದನ್ನು 1.6ರಿಂದ ಗುಣಿಸಿ ನಾಲ್ವರಿಗೂ ಸಮನಾಗಿ ಹಂಚುತ್ತೇನೆ, ಕೊಟ್ಟವರಿಗೂ ಕೊಡದವರಿಗೂ. ನಾಲ್ವರೂ 20 ಕೊಟ್ಟರೆ 80 ಹೋಗಿ 128 ಆಗುತ್ತದೆ, ತಲೆಗೆ 32. ಒಬ್ಬ ಮಾತ್ರ ಕೊಡದಿದ್ದರೆ ಅವನಿಗೆ 44, ಉಳಿದ ಮೂವರಿಗೆ 24. ಒಬ್ಬಳೇ ಕೊಟ್ಟು ಮಿಕ್ಕವರು ಕೊಡದಿದ್ದರೆ ಅವಳ ಕೈಗೆ 8, ಅವರಿಗೆ 28.

ಹತ್ತು ಸುತ್ತು ಆಡಿದೆವು. ಮೊದಲ ಸುತ್ತಿನಲ್ಲಿ ಹೆಚ್ಚು ಕಡಿಮೆ ಅರ್ಧ ಬೀಜ ಗುಂಪಿಗೆ ಬಂತು. ಆಮೇಲೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಬರೀ ಕವರುಗಳೇ ಬಂದವು. ಕಿಟಕಿ ಪಕ್ಕ ಕೂತಿದ್ದ ಒಬ್ಬ ಹುಡುಗಿ ಮೊದಲ ಎರಡು ಸುತ್ತು ಇಪ್ಪತ್ತಕ್ಕೆ ಇಪ್ಪತ್ತೂ ಕೊಟ್ಟಳು. ಎರಡನೇ ಸುತ್ತಿನ ಕೊನೆಗೆ ಅವಳ ಗುಂಪಿನ ಮುಂದೆ 31 ಅಂತ ಬರೆದೆ. ಅವಳು ಬೋರ್ಡನ್ನೇ ಸ್ವಲ್ಪ ಹೊತ್ತು ನೋಡಿದಳು. ಮೂರನೇ ಸುತ್ತಿಗೆ ಅಂಗೈಯಲ್ಲಿದ್ದ ಬೀಜ ಒಂದೊಂದೇ ಎಣಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು, ಕವರು ಖಾಲಿ ಕೊಟ್ಟಳು. ಕೊನೆವರೆಗೂ ಹಾಗೇ. "ಯಾಕಮ್ಮಾ?" ಅಂದೆ. "ಸಾಕು ಸರ್" ಅಂದಳು.

ಈಗ ಹೇಳಿ, ಆ ಮಕ್ಕಳು ಒಂದು ಗಂಟೆಯಲ್ಲಿ ಕಲಿತದ್ದು ಏನು? ನಾನು ಅವರಿಗೆ ಸ್ವಾರ್ಥ ಹೇಳಿಕೊಟ್ಟೆನಾ?

ರಾತ್ರಿ ಪಾಳಿ
ಲೆಕ್ಕ ಕಲಿತರು ಸರ್, ಬೇರೇನಿಲ್ಲ. ಒಂದು ಬೀಜ ಕೊಟ್ಟರೆ ವಾಪಸ್ ಬರುವುದು 0.4 ಬೀಜ. ಬೇರೆಯವರು ಏನೇ ಮಾಡಲಿ, ಕೊಡದೆ ಇರುವವನಿಗೆ ಲಾಭ. ಮೊದಲ ಸುತ್ತಿನಲ್ಲಿ ಅದು ತಲೆಗೆ ಹೋಗಿರಲಿಲ್ಲ, ಹತ್ತನೇ ಸುತ್ತಿಗೆ ಹೋಯಿತು. ಅನುಭವ ಅಂದರೆ ಅದೇ ಅಲ್ವಾ?

ಮೂರನೇ ಮಹಡಿ
ರಾಜ ಊರಿನವರಿಗೆಲ್ಲ ರಾತ್ರಿ ಕೊಳಕ್ಕೆ ಒಂದೊಂದು ಕೊಡ ಹಾಲು ಸುರಿಯಿರಿ ಅಂದ ಕಥೆ ನೆನಪಾಯಿತು. ಬೆಳಿಗ್ಗೆ ನೋಡಿದರೆ ಕೊಳದ ತುಂಬ ನೀರು.

ಶರಾವತಿ ಹಿನ್ನೀರು
ಆ ಕಥೆ ಒಂದೇ ರಾತ್ರಿಗೆ ಮುಗಿಯುತ್ತದೆ, ಅದೇ ನನ್ನ ತಕರಾರು. ರಾಜ ಎರಡನೇ ರಾತ್ರಿಯೂ ಸುರಿಯಿರಿ ಅಂದಿದ್ದರೆ? ಮೊದಲ ದಿನ ನಿಜವಾಗಿ ಹಾಲು ತಂದವಳು ಒಬ್ಬಳಾದರೂ ಇದ್ದಿರಬೇಕು. ಬೆಳಿಗ್ಗೆ ಕೊಳ ನೋಡಿದ ಅವಳು ಎರಡನೇ ರಾತ್ರಿ ಏನು ತರುತ್ತಾಳೆ? ಮೇಷ್ಟ್ರು ಕೇಳುತ್ತಿರುವುದು ಅವಳ ಬಗ್ಗೆ.

ಲೆಕ್ಕಾಚಾರ
ನಾನು ಇದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಾತ್ರಿ ಪಾಳಿಯವರು ಹೇಳಿದ್ದನ್ನೇ ಮೊದಲು ಬಹಳ ಜನ ನಂಬಿದ್ದರು. ಅದು ಸರಿಯಾ ಅಂತ ನೋಡಲು ಜೇಮ್ಸ್ ಆಂಡ್ರಿಯೋನಿ 1988ರಲ್ಲಿ ತುಂಬ ಸರಳವಾದ ಉಪಾಯ ಮಾಡಿದರು. ಇದೇ ತರಹದ ಆಟವನ್ನು ಹತ್ತು ಸುತ್ತು ಆಡಿಸಿದರು, ಕೊಡುವುದು ಎಂದಿನಂತೆ ಇಳಿಯಿತು. ಆಮೇಲೆ ಮುಂಚೆ ಹೇಳದೇ ಇದ್ದದ್ದನ್ನು ಹೇಳಿದರು: ಆಟ ಮತ್ತೆ ಮೊದಲಿನಿಂದ ಶುರು. ಕೊಡುಗೆ ಥಟ್ಟನೆ ಮೇಲೆ ಹೋಯಿತು. ಜನ ಕಲಿತದ್ದು ಬರೀ ಲೆಕ್ಕವೇ ಆಗಿದ್ದರೆ ಹಾಗಾಗಬಾರದಿತ್ತು. ಮಗ್ಗಿ ಕಲಿತವರು "ಮತ್ತೆ ಶುರು" ಅಂದ ಕೂಡಲೇ ಮಗ್ಗಿ ಮರೆಯುವುದಿಲ್ಲವಲ್ಲ.

ಇನ್ನೊಂದು, 2001ರಲ್ಲಿ ಫಿಶ್‌ಬಾಕರ್, ಗೆಕ್ಟರ್, ಫೆರ್ ಮೂವರು ಸೇರಿ ಜನರನ್ನು ನೇರವಾಗಿ ಕೇಳಿದರು: ಉಳಿದವರು ಸರಾಸರಿ ಇಷ್ಟು ಕೊಟ್ಟರೆ ನೀವೆಷ್ಟು ಕೊಡುತ್ತೀರಿ? ಸುಮಾರು ಅರ್ಧ ಜನ "ಅವರು ಜಾಸ್ತಿ ಕೊಟ್ಟರೆ ನಾನೂ ಜಾಸ್ತಿ" ಅನ್ನುವವರು. ಏನೇ ಆದರೂ ಕೊಡದವರು ಸುಮಾರು ಮೂರರಲ್ಲಿ ಒಬ್ಬರು. ಗಮನಿಸಬೇಕಾದ ಮಾತು ಏನೆಂದರೆ, ನೀವು ಕೊಟ್ಟಷ್ಟೇ ಕೊಡುತ್ತೇನೆ ಅನ್ನುವವರಲ್ಲಿಯೂ ಬಹಳ ಮಂದಿ ಒಂದು ಚೂರು ಕಡಿಮೆಯೇ ಕೊಡುತ್ತಾರೆ. ನೀವು 10 ಕೊಟ್ಟರೆ ನಾನು 8, ನನ್ನ 8 ನೋಡಿ ನೀವು 7. ಇಳಿಜಾರು ಶುರುವಾಗುವುದು ಅಲ್ಲಿಂದ. ಪೂರ್ತಿ ಕೆಟ್ಟವರು ಯಾರೂ ಇರಬೇಕಾಗಿಲ್ಲ.

ನಿಮ್ಮ ಕಿಟಕಿ ಪಕ್ಕದ ಹುಡುಗಿ ಸ್ವಾರ್ಥ ಕಲಿಯಲಿಲ್ಲ ಸರ್. ತನ್ನ ಜೊತೆಗಿನ ಮೂವರ ಬಗ್ಗೆ ಕಲಿತಳು. ಅಂದ ಹಾಗೆ ಬಹುಮಾನ ಏನಿಟ್ಟಿದ್ದಿರಿ?

ಅರಸೀಕೆರೆ ಮೇಷ್ಟ್ರು
ಅತಿ ಹೆಚ್ಚು ಬೀಜ ಗಳಿಸಿದವರಿಗೆ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಅಂತ ಹೇಳಿದ್ದೆ.

ಲೆಕ್ಕಾಚಾರ
ಅಲ್ಲೇ ಆಟ ಕೆಟ್ಟಿತು ಸರ್. ಒಬ್ಬರಿಗೆ ಮಾತ್ರ ಬಹುಮಾನ ಅಂದಾಗ ಪಕ್ಕದವನು ಸೋತಷ್ಟೂ ನನಗೆ ಒಳ್ಳೆಯದು. ಆಗ ಅದು ಓಟದ ಪಂದ್ಯ ಆಯಿತು, ಕೂಡಿ ದುಡಿಯುವ ಆಟ ಆಗಲಿಲ್ಲ. ಇನ್ನೊಮ್ಮೆ ಮಾಡಿ. ಪ್ರತಿ ಬೀಜಕ್ಕೆ ಇಷ್ಟು ಪೈಸೆ ಅಂತ ಎಲ್ಲರಿಗೂ ಕೊಡಿ. ಹತ್ತು ಸುತ್ತು ಮುಗಿದ ಮೇಲೆ "ಮತ್ತೆ ಶುರು" ಅಂತ ಹೇಳಿ ನೋಡಿ.

ಅರಸೀಕೆರೆ ಮೇಷ್ಟ್ರು
ಇದು ನನಗೆ ಹೊಳೆದೇ ಇರಲಿಲ್ಲ. ಬೀಜಕ್ಕೆ 10 ಪೈಸೆ ಇಟ್ಟರೆ ಎಲ್ಲರೂ ಪೂರ್ತಿ ಕೊಟ್ಟರೂ ಹತ್ತು ಸುತ್ತಿಗೆ ತಲೆಗೆ 32 ರೂಪಾಯಿ ಬರುತ್ತದೆ. ಅಷ್ಟು ನಾನೇ ಹಾಕುತ್ತೇನೆ. ಬುಧವಾರ ಆಡಿಸುತ್ತೇನೆ.

ಶರಾವತಿ ಹಿನ್ನೀರು
ನೀವೆಲ್ಲ ಇದಕ್ಕೆ ದೊಡ್ಡ ದೊಡ್ಡ ಹೆಸರು ಹೇಳುತ್ತಿದ್ದೀರಿ. ನಮ್ಮ ಕಡೆ ಇದಕ್ಕೆ ಒಂದೇ ಪದ, ಮುಯ್ಯಿ.

ನಾಟಿ ಕಾಲಕ್ಕೆ ಮುಯ್ಯಾಳು ಹೋಗುವುದು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡದ್ದು. ಇವತ್ತು ನಮ್ಮ ಮನೆಯಿಂದ ಇಬ್ಬರು ಅವರ ಗದ್ದೆಗೆ ಹೋದರೆ, ನಾಡಿದ್ದು ಅವರ ಮನೆಯಿಂದ ಇಬ್ಬರು ನಮ್ಮ ಗದ್ದೆಗೆ. ದುಡ್ಡಿನ ಮಾತೇ ಇಲ್ಲ. ಒಂದು ವರ್ಷ ಒಂದು ಮನೆಯವರು ನಮ್ಮ ನಾಟಿಗೆ ಆಳು ಕಳಿಸಲಿಲ್ಲ. ಅವತ್ತು ಪೇಟೆಯಲ್ಲಿ ಏನೋ ಕೆಲಸ ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಮುಂದಿನ ವರ್ಷ ನಾವೂ ಹೋಗಲಿಲ್ಲ. ನೋಡಿ, ಸರಿಹೋಯಿತು ಅನ್ನುವ ಹಾಗಿಲ್ಲ, ಎರಡು ಮನೆ ಮಧ್ಯೆ ಮಾತೇ ನಿಂತುಹೋಯಿತು. ಮೂರನೇ ವರ್ಷ ನಮ್ಮ ನಾಟಿ ದಿನ ಆ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು, ಯಾರೂ ಕರೆಯದೆ ಬಂದು ಅಗೆ ಕಟ್ಟು ಬಿಚ್ಚಿ ಕೊಡಲು ಕೂತರು. ಅವರ ಕೈಲಿ ಆದ ಕೆಲಸ ಅಷ್ಟೇ. ಅಮ್ಮ ಅವರಿಗೆ ಮೊದಲು ಚಹಾ ಕೊಟ್ಟಳು. ಆ ವರ್ಷ ನಾವು ಅವರ ಗದ್ದೆಗೆ ಮೂವರು ಹೋದೆವು.

ಮದುವೆಯಲ್ಲಿ ಕೊಡುವುದೂ ಮುಯ್ಯಿ, ಸೇಡು ತೀರಿಸುವುದೂ ಮುಯ್ಯಿ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಮ್ಮವರು ಒಂದೇ ಪದ ಇಟ್ಟಿದ್ದಾರೆ. ಸುಮ್ನೆ ಇಟ್ಟಿದ್ದಲ್ಲ ಅನ್ನಿಸುತ್ತದೆ.

ರಾತ್ರಿ ಪಾಳಿ
ಮೇಡಂ, ನೀವು ಬರೆದದ್ದು ಓದಿ ಮೈ ಜುಮ್ಮೆಂದಿತು. ಯಾಕೆಂದರೆ ಮುಯ್ಯಿಗೆ ಮುಯ್ಯಿ ಅನ್ನುವುದು ಕಂಪ್ಯೂಟರಿನಲ್ಲಿ ಗೆದ್ದ ಕಥೆ ನನಗೆ ಗೊತ್ತು.

ರಾಬರ್ಟ್ ಆಕ್ಸೆಲ್‌ರಾಡ್ 1980ರ ಹೊತ್ತಿಗೆ ಒಂದು ಪಂದ್ಯ ಇಟ್ಟರು. ಇಬ್ಬಿಬ್ಬರು ಆಡುವ ಆಟ. ಇಬ್ಬರೂ ಸಹಕರಿಸಿದರೆ 3-3, ಇಬ್ಬರೂ ಕೈಕೊಟ್ಟರೆ 1-1, ಒಬ್ಬ ಕೈಕೊಟ್ಟು ಇನ್ನೊಬ್ಬ ಸಹಕರಿಸಿದರೆ ಕೈಕೊಟ್ಟವನಿಗೆ 5, ನಂಬಿದವನಿಗೆ 0. ತಜ್ಞರು 14 ಪ್ರೋಗ್ರಾಂ ಕಳಿಸಿದರು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕದು, ಅನಟೋಲ್ ರಾಪೊಪೋರ್ಟ್ ಕಳಿಸಿದ್ದು. ಮೊದಲ ಸಲ ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ಎರಡನೇ ಪಂದ್ಯಕ್ಕೆ 62 ಪ್ರೋಗ್ರಾಂ ಬಂದವು. ಎಲ್ಲರಿಗೂ ಮೊದಲನೆಯ ಫಲಿತಾಂಶ ಗೊತ್ತಿತ್ತು. ಆದರೂ ಅದೇ ಗೆದ್ದಿತು.

ನಾನು ಒಂದು ರಾತ್ರಿ ಕೂತು ಇದನ್ನೇ ಬರೆದು ಓಡಿಸಿದೆ. ಎಲ್ಲಾ ಚೆನ್ನಾಗಿತ್ತು, ಒಂದು ತಪ್ಪು ಸೇರಿಸುವವರೆಗೆ. ಇಬ್ಬರೂ ಮುಯ್ಯಿಗೆ ಮುಯ್ಯಿ ಆಡುತ್ತಿದ್ದಾರೆ ಅನ್ನಿ. ಒಬ್ಬನ ಕೈತಪ್ಪಿ ಒಂದು ಸಲ ಬೇರೆ ಗುಂಡಿ ಒತ್ತಿತು. ಮುಂದಿನ ಸಲ ಎದುರಿನವನು ತಿರುಗಿಸಿ ಕೊಡುತ್ತಾನೆ, ಅದರ ಮುಂದಿನ ಸಲ ಇವನು. ಪರದೆ ಮೇಲೆ ಅದು ಗಡಿಯಾರದ ಲೋಲಕದ ಹಾಗೆ ಆ ಕಡೆ ಈ ಕಡೆ, ನಿಲ್ಲುವುದೇ ಇಲ್ಲ. ನಿಮ್ಮ ಎರಡು ಮನೆಗಳ ಹಾಗೆ. ಅಜ್ಜಿ ಬಾರದಿದ್ದರೆ ನಿಲ್ಲುತ್ತಲೂ ಇರಲಿಲ್ಲ.

ಲೆಕ್ಕಾಚಾರ
ಸರಿಯಾಗಿ ಹಿಡಿದಿರಿ. 1993ರಲ್ಲಿ ನೊವಾಕ್ ಮತ್ತು ಸಿಗ್ಮಂಡ್ ಇದಕ್ಕೇ ಇನ್ನೊಂದು ದಾರಿ ತೋರಿಸಿದರು: ಚೆನ್ನಾಗಿ ಸಿಕ್ಕರೆ ಹಿಂದೆ ಮಾಡಿದ್ದನ್ನೇ ಮಾಡು, ಸಿಗದಿದ್ದರೆ ಬದಲಿಸು. ಇದು ನೇರವಾಗಿ ಅನುಭವದಿಂದ ಕಲಿಯುವ ರೀತಿ. ಎದುರಿನವನ ಮನಸ್ಸು ಓದಬೇಕಾಗಿಲ್ಲ, ನನಗೇನು ಸಿಕ್ಕಿತು ಅಂತ ನೋಡಿಕೊಂಡರೆ ಸಾಕು. ಒಂದು ಸಲ ಕೈತಪ್ಪಿದಾಗ ಏನಾಗುತ್ತದೆ ನೋಡಿ. ತಪ್ಪಿದವನಿಗೆ 5 ಸಿಕ್ಕಿತು, ಅವನು ಹಾಗೇ ಇರುತ್ತಾನೆ. ಇನ್ನೊಬ್ಬನಿಗೆ 0, ಅವನು ಬದಲಿಸುತ್ತಾನೆ. ಈಗ ಇಬ್ಬರಿಗೂ 1. ಇಬ್ಬರೂ ಬದಲಿಸುತ್ತಾರೆ. ಇಬ್ಬರೂ ವಾಪಸ್ ಸಹಕಾರಕ್ಕೆ ಬಂದರು.

ಆದರೆ ಇದರಲ್ಲಿ ಒಂದು ಗಂಟು ಇದೆ. "ಚೆನ್ನಾಗಿ ಸಿಕ್ಕಿತು" ಅಂದರೆ ಎಷ್ಟು? ಮೇಸಿ ಮತ್ತು ಫ್ಲಾಶೆ 2002ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಆಸೆಯ ಮಟ್ಟ ತೀರಾ ಕೆಳಗಿದ್ದರೆ 1 ಸಿಕ್ಕರೂ ತೃಪ್ತಿ, ಇಬ್ಬರೂ ಕೈಕೊಡುತ್ತಲೇ ಕೂತುಬಿಡುತ್ತಾರೆ. ತೀರಾ ಮೇಲಿದ್ದರೆ 3 ಸಿಕ್ಕರೂ ಸಾಲದು, ಕೈಕೊಟ್ಟು ನೋಡೋಣ ಅನ್ನಿಸುತ್ತದೆ. ಮಧ್ಯದಲ್ಲಿದ್ದರೆ ಸಹಕಾರ ನೆಲೆ ನಿಲ್ಲಲು ದಾರಿ ಇದೆ.

ಹುಬ್ಬಳ್ಳಿ ಮಂದಿ
ಈ ಪ್ರೋಗ್ರಾಂ ಕಥೆಗೂ ಮನುಷ್ಯರಿಗೂ ಏನು ಸಂಬಂಧ ರೀ? ಕಂಪ್ಯೂಟರಿಗೆ ಸಿಟ್ಟು ಬರುವುದಿಲ್ಲ. ಮನುಷ್ಯನಿಗೆ ಒಂದು ಸಲ ಮೋಸ ಆದರೆ ಹತ್ತು ವರ್ಷ ನೆನಪಿರುತ್ತದೆ. ನಾನು ಚೀಟಿ ವ್ಯವಹಾರದಲ್ಲಿ ಒಂದು ಸಲ ದುಡ್ಡು ಕಳೆದುಕೊಂಡವನು, ಇವತ್ತಿಗೂ ಯಾವ ಚೀಟಿಗೂ ಸೇರಿಲ್ಲ. ಆಮೇಲೆ ಎಷ್ಟೋ ಒಳ್ಳೆಯ ಚೀಟಿಗಳು ಆರಾಮಾಗಿ ನಡೆದವು, ನಮ್ಮ ಓಣಿಯ ಹೆಣ್ಣುಮಕ್ಕಳು ಬಂಗಾರ ಮಾಡಿಸಿಕೊಂಡರು. ನಾನು ಹೊರಗೇ ನಿಂತೆ.

ರಾತ್ರಿ ಪಾಳಿ
ನಿಮ್ಮ ಮಾತಲ್ಲೇ ಉತ್ತರ ಇದೆ ಅಣ್ಣಾ. ಹೊರಗೆ ನಿಂತವನಿಗೆ ಒಳಗಿನವರು ಒಳ್ಳೆಯವರು ಅಂತ ಕಲಿಯುವ ಅವಕಾಶವೇ ಸಿಗುವುದಿಲ್ಲ. ಕೆಟ್ಟ ಅನುಭವ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ.

ಮನುಷ್ಯರನ್ನೇ ಕೇಳಿದಿರಲ್ಲ, ಈ ಆಟದ ಮೊಟ್ಟಮೊದಲ ಪ್ರಯೋಗ ನಡೆದದ್ದೇ ಇಬ್ಬರು ಮನುಷ್ಯರ ಮೇಲೆ. 1950ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ಫ್ಲಡ್ ಮತ್ತು ಡ್ರೆಶರ್ ಅನ್ನುವವರು ಆರ್ಮೆನ್ ಆಲ್ಚಿಯನ್, ಜಾನ್ ವಿಲಿಯಮ್ಸ್ ಇಬ್ಬರನ್ನು ಕೂರಿಸಿ 100 ಸಲ ಆಡಿಸಿದರು. ಒಬ್ಬರು ಅರ್ಥಶಾಸ್ತ್ರದವರು, ಇನ್ನೊಬ್ಬರು ಗಣಿತದವರು. ಪುಸ್ತಕದ ಲೆಕ್ಕದಂತೆ ನೂರಕ್ಕೆ ನೂರು ಸಲವೂ ಕೈಕೊಡಬೇಕಿತ್ತು. 60 ಸಲ ಇಬ್ಬರೂ ಸಹಕರಿಸಿದರು. ನಡುನಡುವೆ ಇಬ್ಬರಿಗೂ ಸಿಟ್ಟು ಬಂದದ್ದು ಅವರು ಬರೆದಿಟ್ಟ ಟಿಪ್ಪಣಿಯಲ್ಲಿ ಇದೆ.

ಮೂರನೇ ಮಹಡಿ
ಬೆಂಗಳೂರಿನ ಅನುಭವ ಹೇಳುತ್ತೇನೆ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಖರ್ಚು ಎಲ್ಲ ಮನೆಗೂ ಸಮ. ಕಾರ್ಯದರ್ಶಿ ದಿನಾ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ "ಇವತ್ತು ಇಷ್ಟು ಟ್ಯಾಂಕರ್" ಅಂತ ಹಾಕುತ್ತಿದ್ದರು. ಮೊದಲ ವಾರ ಎಲ್ಲರೂ ಬಿಗಿ ಹಿಡಿದರು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನೂ ಬಕೆಟ್‌ಗೆ ಹಿಡಿದು ಗಿಡಕ್ಕೆ ಹಾಕುತ್ತಿದ್ದೆವು. ಒಂದು ಭಾನುವಾರ ಯಾರೋ ಕೆಳಗೆ ಪೈಪ್ ಹಿಡಿದು ಕಾರು ತೊಳೆಯುವ ಫೋಟೋ ಗ್ರೂಪಿಗೆ ಬಂತು. ಅಷ್ಟೇ. ಮರುದಿನದಿಂದ ನನ್ನ ಹೆಂಡತಿ ಬಕೆಟ್ ಎತ್ತಿಟ್ಟಳು. ಟ್ಯಾಂಕರ್ ಲೆಕ್ಕ ಏರಿತು. ಕಾರು ತೊಳೆದದ್ದು ಒಬ್ಬರೇ, ನೀರು ಜಾಸ್ತಿ ಬಳಸಿದ್ದು ನಾವೆಲ್ಲರೂ.

ಕೆರೆ ಏರಿ
ಕೋಲಾರ ಕಡೆಯವನು. ನಮ್ಮ ತಾತ ನೀರುಗಂಟಿ. ಕೆರೆಯ ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುವುದು ಅವರ ಕೆಲಸ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಅಂತ ಧಾನ್ಯ ಕೊಡುತ್ತಿದ್ದರು.

ರಾತ್ರಿ ಕದ್ದು ಕಾಲುವೆ ಒಡೆದವನು ಮೊದಲ ಸಲ ಸಿಕ್ಕರೆ ತಾತ ಯಾರಿಗೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಅವನ ಮನೆ ಮುಂದೆ ಹೋಗಿ ಸನಿಕೆ ಊರಿ ನಿಲ್ಲುತ್ತಿದ್ದರಂತೆ. ಮಾತಿಲ್ಲ. ಎರಡನೇ ಸಲ ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನರ ಮುಂದೆ. ಮೂರನೇ ಸಲ ಅವನ ಸರದಿ ಕೊನೆಗೆ ಹೋಗುತ್ತಿತ್ತು. ಮೂರನೆಯದು ಬಹಳ ಅಪರೂಪ ಅಂತ ಅಪ್ಪ ಹೇಳುತ್ತಾರೆ.

ಒಂದು ಮಾತು ಮಾತ್ರ ಸೇರಿಸಲೇಬೇಕು. ಬಹಳ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಕುಟುಂಬಗಳದು. ತಾತನಿಗೆ ಆ ಕೆರೆಯ ಕೆಳಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಜಮೀನಿಲ್ಲದವನು ಪಕ್ಷಪಾತ ಮಾಡುವುದಿಲ್ಲ ಅಂತ ಹೊಗಳುತ್ತಾರೆ. ಊರಿಗೆಲ್ಲ ನೀರು ಹಂಚಿದವನಿಗೆ ಆ ನೀರಲ್ಲಿ ಪಾಲಿರಲಿಲ್ಲ ಅನ್ನುವುದನ್ನು ಹೇಳುವುದಿಲ್ಲ. ಹಳೆಯ ವ್ಯವಸ್ಥೆ ಚೆಂದ ಇತ್ತು ಅಂತ ಬರೆಯುವಾಗ ಇದನ್ನೂ ಬರೆಯಿರಿ.

ಶರಾವತಿ ಹಿನ್ನೀರು
ಒಪ್ಪಿದೆ ಅಣ್ಣಾ. ನಾನು ಮುಯ್ಯಾಳಿನ ಬಗ್ಗೆ ಬರೆದಾಗಲೂ ಹೇಳಬೇಕಿತ್ತು. ಅದು ನಡೆದದ್ದು ಗದ್ದೆ ಇದ್ದ ಮನೆಗಳ ಮಧ್ಯೆ. ಗದ್ದೆ ಇಲ್ಲದವರು ಕೂಲಿಗೇ ಬರುತ್ತಿದ್ದರು, ಅವರಿಗೆ ಮುಯ್ಯಿ ಇರಲಿಲ್ಲ.

ಲೆಕ್ಕಾಚಾರ
ಕೆರೆ ಏರಿಯವರು ಹೇಳಿದ ಮೂರು ಹಂತದ ಶಿಕ್ಷೆ ಎಲಿನಾರ್ ಆಸ್ಟ್ರಮ್ ಜಗತ್ತಿನ ಎಷ್ಟೋ ಕಡೆಯ ನೀರು, ಕಾಡು, ಮೀನುಗಾರಿಕೆ ನೋಡಿ ಪಟ್ಟಿ ಮಾಡಿದ ನಿಯಮಗಳಲ್ಲಿ ಒಂದು. ಮೊದಲು ಹಗುರ, ಆಮೇಲೆ ಭಾರ. 2009ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ನಿಮ್ಮ ತಾತ ಸನಿಕೆ ಊರಿ ನಿಲ್ಲುತ್ತಿದ್ದದ್ದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ರಾತ್ರಿ ಪಾಳಿ
ಹಾಗಾದರೆ ಮೇಷ್ಟ್ರ ಆಟಕ್ಕೂ ದಂಡ ಸೇರಿಸಿದರೆ ಆಯಿತಲ್ಲ?

ಲೆಕ್ಕಾಚಾರ
ಫೆರ್ ಮತ್ತು ಗೆಕ್ಟರ್ 2000ದಲ್ಲಿ ಅದನ್ನೇ ಮಾಡಿದರು. ಸ್ವಂತ ದುಡ್ಡು ಖರ್ಚು ಮಾಡಿ ಇನ್ನೊಬ್ಬನ ಗಳಿಕೆ ಕಡಿಮೆ ಮಾಡಬಹುದು. ಜನ ನಿಜವಾಗಿಯೂ ಖರ್ಚು ಮಾಡಿ ಕೊಡದವನಿಗೆ ದಂಡ ಹಾಕಿದರು, ಕೊಡುವುದು ಏರಿತು. ಆದರೆ 2008ರಲ್ಲಿ 16 ಊರುಗಳಲ್ಲಿ ಇದೇ ಆಟ ಆಡಿಸಿದಾಗ ಬೇರೆಯದೂ ಕಂಡಿತು. ಬಾಸ್ಟನ್, ಕೋಪನ್‌ಹೇಗನ್‌ನಂಥ ಕಡೆ ದಂಡ ಹೆಚ್ಚಾಗಿ ಕೊಡದವರಿಗೆ ಬಿತ್ತು. ಅಥೆನ್ಸ್, ಮಸ್ಕತ್‌ನಂಥ ಕಡೆ ಚೆನ್ನಾಗಿ ಕೊಟ್ಟವರಿಗೂ ಸಾಕಷ್ಟು ಬಿತ್ತು. ದಂಡ ತಿಂದವನು ತಪ್ಪು ತಿದ್ದಿಕೊಳ್ಳುವ ಬದಲು ಸೇಡು ತೀರಿಸಿಕೊಂಡಿರಬಹುದು. ಮುಯ್ಯಿಯ ಇನ್ನೊಂದು ಮುಖ.

ಸುಮ್ನೆ ಓದುವವ
ಮನುಷ್ಯ ಹುಟ್ಟಾ ಒಳ್ಳೆಯವನು, ಯೋಚನೆ ಮಾಡಿದಷ್ಟೂ ಕೆಡುತ್ತಾನೆ ಅಂತ ಒಂದು ಸಂಶೋಧನೆ ಬಂದಿತ್ತಲ್ಲ, ಬೇಗ ನಿರ್ಧರಿಸಿದವರು ಜಾಸ್ತಿ ಕೊಡುತ್ತಾರೆ ಅಂತ?

ಲೆಕ್ಕಾಚಾರ
2012ರದ್ದು. 2017ರಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಅದರ ಮೇಲೆ ಮನೆ ಕಟ್ಟಬೇಡಿ.

ಮೇಷ್ಟ್ರ ಪ್ರಶ್ನೆಗೆ ನನ್ನ ಪ್ರಕಾರ ಹತ್ತಿರದ ಉತ್ತರ ದಾಲ್ ಬೋ ಮತ್ತು ಫ್ರೆಶೆಟ್ 2011ರಲ್ಲಿ ಮಾಡಿದ ಕೆಲಸದಲ್ಲಿದೆ. ಇಬ್ಬಿಬ್ಬರ ಆಟ. ಪ್ರತಿ ಸುತ್ತಿನ ನಂತರ ಅದೇ ಜೊತೆಗಾರನ ಜೊತೆ ಮುಂದುವರಿಯುವ ಸಂಭವ ಒಂದು ಕಡೆ ಎರಡರಲ್ಲಿ ಒಂದು, ಇನ್ನೊಂದು ಕಡೆ ನಾಲ್ಕರಲ್ಲಿ ಮೂರು. ಒಂದು ಜೊತೆ ಮುಗಿದ ಮೇಲೆ ಹೊಸ ಜೊತೆಗಾರ. ಹೀಗೆ ಎಷ್ಟೋ ಸಲ. ಮತ್ತೆ ಸಿಗುವ ಸಂಭವ ಕಡಿಮೆ ಇದ್ದು ಸಹಕಾರದ ಫಲವೂ ಸಣ್ಣದಿದ್ದಾಗ, ಅನುಭವ ಆದಷ್ಟೂ ಸಹಕಾರ ಕುಸಿಯಿತು. ಸಂಭವವೂ ಜಾಸ್ತಿ, ಫಲವೂ ದೊಡ್ಡದು ಅಂದಾಗ ಅನುಭವ ಆದಷ್ಟೂ ಸಹಕಾರ ಏರಿತು. ಹಾಗಾಗಿ "ಅನುಭವ ಜನರನ್ನು ಕೆಡಿಸುತ್ತದಾ" ಅನ್ನುವ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು ಸರ್. ಯಾವ ಆಟದ ಅನುಭವ?

ಕೊನೆಯ ಸುತ್ತು ಯಾವುದು ಅಂತ ಗೊತ್ತಿದ್ದರೆ ಇನ್ನೊಂದು ಪಾಠ ಕಲಿಯುತ್ತಾರೆ. ಸೆಲ್ಟೆನ್ ಮತ್ತು ಸ್ಟೋಕರ್ 1986ರಲ್ಲಿ ನೋಡಿದ್ದು ಅದು. ಹತ್ತು ಸುತ್ತಿನ ಆಟವನ್ನು ಮತ್ತೆ ಮತ್ತೆ ಆಡಿಸಿದಾಗ ಜನ ಕೊನೆಯ ಹೊತ್ತಿಗೆ ಕೈಕೊಡುವುದನ್ನು ಕಲಿತರು. ಬರಬರುತ್ತಾ ಇನ್ನೂ ಸ್ವಲ್ಪ ಮುಂಚೆಯೇ ಕೈಕೊಟ್ಟರು.

ಹುಬ್ಬಳ್ಳಿ ಮಂದಿ
ಚೀಟಿಯಲ್ಲೂ ಹಾಗೇ ರೀ. ದುಡ್ಡು ಎತ್ತಿಕೊಂಡವನು ಕೊನೆಯ ಕಂತುಗಳಲ್ಲೇ ಕೈಯೆತ್ತುವುದು.

ಅರಸೀಕೆರೆ ಮೇಷ್ಟ್ರು
ಬುಧವಾರ ಆಡಿಸಿದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ದೋಸೆ ತೆಗೆದೆ, ಬೀಜಕ್ಕೆ 10 ಪೈಸೆ ಇಟ್ಟೆ. ಗುಂಪು ಹಳೆಯವೇ. ಮೊದಲ ಸುತ್ತು ಹೋದ ವಾರಕ್ಕಿಂತ ಚೆನ್ನಾಗಿತ್ತು. ಇಳಿಯುವುದು ಇಳಿಯಿತು, ಆದರೆ ನಿಧಾನವಾಗಿ. ಹತ್ತು ಮುಗಿದ ಮೇಲೆ ಬೋರ್ಡ್ ಒರೆಸಿ "ಇನ್ನು ಐದು ಸುತ್ತು, ಮತ್ತೆ ಮೊದಲಿನಿಂದ" ಅಂದೆ. ತರಗತಿಯಲ್ಲಿ ಗುಜುಗುಜು. ಕವರುಗಳು ಬಂದಾಗ ಕೈಗೆ ಭಾರ ಗೊತ್ತಾಯಿತು. ಏಳರಲ್ಲಿ ಆರು ಗುಂಪು ಏರಿದ್ದವು.

ಕಿಟಕಿ ಪಕ್ಕದ ಹುಡುಗಿ ಇಪ್ಪತ್ತು ಕೊಡಲಿಲ್ಲ. ಹತ್ತು ಕೊಟ್ಟಳು. ಆಟ ಮುಗಿದ ಮೇಲೆ ಕೇಳಿದೆ. "ಹತ್ತು ಹೋದ್ರೆ ಹೋಗ್ಲಿ ಸರ್, ಅವರೇನ್ ಮಾಡ್ತಾರೆ ನೋಡೋಣ ಅನ್ನಿಸ್ತು" ಅಂದಳು. ಮುಂದಿನ ಸುತ್ತಿಗೆ ಹದಿಮೂರು ಕೊಟ್ಟಿದ್ದಳು.

ಶರಾವತಿ ಹಿನ್ನೀರು
ಅಗೆ ಕಟ್ಟು ಬಿಚ್ಚಲು ಬಂದ ಅಜ್ಜಿ ಅವಳೇ.

ಕೆರೆ ಏರಿ
ಮೇಷ್ಟ್ರೇ, ಆಟ ಶುರು ಮಾಡುವ ಮುಂಚೆ ಆ ನಾಲ್ವರಿಗೆ ಐದು ನಿಮಿಷ ಮಾತಾಡಲು ಬಿಟ್ಟಿದ್ದೀರಾ? ಕಟ್ಟೆ ಮೇಲೆ ಕೂತು ಮಾತಾಡದೆ ನಮ್ಮೂರಲ್ಲಿ ತೂಬು ಎತ್ತಿದ್ದೇ ಇಲ್ಲ.

ಲೆಕ್ಕಾಚಾರ
ಬಿಡಿ ಸರ್. ಎದುರುಬದುರು ಕೂತು ಮಾತಾಡಿದರೆ ಸಹಕಾರ ಏರುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮಾತಿಗೆ ಯಾವ ಕಟ್ಟುಪಾಡೂ ಇಲ್ಲದಿದ್ದರೂ ಏರುತ್ತದೆ.

ಅರಸೀಕೆರೆ ಮೇಷ್ಟ್ರು
ಇಲ್ಲ, ಮಾತಾಡಬೇಡಿ ಅಂತ ನಾನೇ ಗದರಿಸಿದ್ದೆ. ಶುಕ್ರವಾರ ಇನ್ನೊಂದು ಪೀರಿಯಡ್ ಸಿಗುತ್ತದೆ. ಗುಂಪು ಅವೇ ಇರಲಿ, ಮೊದಲು ಐದು ನಿಮಿಷ ಮಾತು. ಎಷ್ಟು ಸುತ್ತು ಅಂತ ಈ ಸಲ ಹೇಳುವುದಿಲ್ಲ.

ಹುಬ್ಬಳ್ಳಿ ಮಂದಿ
ಫಲಿತಾಂಶ ಇಲ್ಲೇ ಹಾಕಿ ಸರ್. ನಮ್ಮ ಓಣಿಯಲ್ಲಿ ಯುಗಾದಿಗೆ ಹೊಸ ಚೀಟಿ ಶುರು ಆಗುತ್ತದೆ, ಸಣ್ಣದು, ಹತ್ತು ಜನರದು. ಹೆಂಡತಿ ಕೇಳುತ್ತಿದ್ದಾಳೆ.